ಜೋಳವಾಳಿಯ ಲೆಕ್ಕ: ಯುದ್ಧದಲ್ಲಿ ಸೈನಿಕನ ಒಂದು ದಿನ

(ಉಮರ್ಗಾದಲ್ಲಿ ಗಡಿನಾಡ ಕನ್ನಡಿಗರ ಮುಂದೆ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸೈನ್ಯದಲ್ಲಿ ದುಡಿದ ತಮ್ಮ ತಂದೆಯ ನೆನಪಿಗೆ ಮಕ್ಕಳು ಈ ದತ್ತಿ ಇಟ್ಟಿದ್ದಾರೆ. ನನಗೆ ಕೊಟ್ಟ ವಿಷಯ ಯುದ್ಧದ ಸಾಕ್ಷ್ಯಚಿತ್ರ. ಸಾಕ್ಷ್ಯಚಿತ್ರ ಎಂದೊಡನೆ ಇದು ದೂರದ ಮಾತು, ಪೇಟೆಯವರ ಮಾತು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಹಾಗಲ್ಲ ಎಂದು ಕಲಿಸಿದವರು ನಿಲಂಗಾ ತಾಲೂಕಿನ ಒಬ್ಬ ಮುದುಕರು. 1971ರ ಯುದ್ಧದ ಕಾಲಕ್ಕೆ ಪಲ್ಟಣಿನಲ್ಲಿದ್ದವರು. ಅವರ ಪಡಸಾಲೆಯಲ್ಲಿ ಮೊಮ್ಮಗನ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ನಾನು ಅವರಿಗೆ ‘ರೆಸ್ಟ್ರೆಪೊ’ ಎಂಬ ಅಮೆರಿಕದ ಚಿತ್ರವನ್ನು ತೋರಿಸಿದೆ. ಇಂಗ್ಲಿಷ್ ಅವರಿಗೆ ಬಾರದು. ಗುಂಡಿನ ಸದ್ದು ಕೇಳಿದಾಗಲೆಲ್ಲ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರು. ಹುಡುಗರು ಗುಡ್ಡದ ಮೇಲೆ ಸಲಿಕೆ ಹಿಡಿದು ಚೀಲಕ್ಕೆ ಮಣ್ಣು ತುಂಬುವ ದೃಶ್ಯ ಬಂದಾಗ ಮಾತ್ರ ಹತ್ತಿರ ಸರಿದು ಕೂತರು. “ಇದು ಖರೇ ಅದ ನೋಡ್ರಿ” ಅಂದರು. “ಗುಂಡು ಹಾರಿಸೂದು ಎಲ್ಲಾ ಸಿನಿಮಾದಾಗ ತೋರಸ್ತಾರ. ಮಣ್ಣು ತುಂಬೂದು ಯಾರೂ ತೋರಸಂಗಿಲ್ಲ.”

ಇಂದಿನ ನನ್ನ ಮಾತೆಲ್ಲ ಆ ಒಂದು ಮಾತಿನ ವಿಸ್ತಾರ. ಗೆದ್ದದ್ದು, ಸೋತದ್ದು, ಸತ್ತದ್ದು ಎಷ್ಟೆಂಬ ಲೆಕ್ಕದಲ್ಲಿ ಯುದ್ಧದ ಒಂದು ಪಾಲು ಮಾತ್ರ ಇರುತ್ತದೆ. ಉಳಿದದ್ದು ಸಿಪಾಯಿಯ ದಿನದಲ್ಲಿ ಇರುತ್ತದೆ: ಅವನು ಉಂಡದ್ದು, ಅಗೆದದ್ದು, ಕಾದದ್ದು, ಬರೆದ ಕಾಗದ. ದಂಡು ಹಾಯ್ದು ಹೋದ ದಾರಿಯ ಮೇಲೆಯೇ ಬದುಕುತ್ತಿರುವ ನಾವು ಈ ಎರಡನೇ ಲೆಕ್ಕವನ್ನು ಇನ್ನೂ ಬರೆದಿಟ್ಟಿಲ್ಲ.

ಮೊದಲು ಆ ಚಿತ್ರದ ಸಂಗತಿ. ಟಿಮ್ ಹೆದರಿಂಗ್ಟನ್ ಎಂಬ ಬ್ರಿಟಿಷ್ ಛಾಯಾಗ್ರಾಹಕ, ಸೆಬಾಸ್ಟಿಯನ್ ಯುಂಗರ್ ಎಂಬ ಅಮೆರಿಕದ ಪತ್ರಕರ್ತ, ಇಬ್ಬರೂ ಸೇರಿ ಮಾಡಿದ್ದು, 2010ರಲ್ಲಿ ಬಂತು. ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆಯಲ್ಲಿ 2007ರಿಂದ 15 ತಿಂಗಳು ಇದ್ದ ಒಂದು ತುಕಡಿಯ ಚಿತ್ರ. ತುಕಡಿಯ ವೈದ್ಯಸೇವಕ ಹುವಾನ್ ರೆಸ್ಟ್ರೆಪೊ ಬಂದ ಹೊಸದರಲ್ಲೇ ಸತ್ತ. ಗೆಳೆಯರು ಗುಡ್ಡದ ತುದಿಯಲ್ಲಿ ರಾತ್ರೋರಾತ್ರಿ ಅಗೆದು ಕಟ್ಟಿದ ಠಾಣೆಗೆ ಅವನ ಹೆಸರಿಟ್ಟರು. ಚಿತ್ರದಲ್ಲಿ ನಕಾಶೆ ಹಿಡಿದು ವಿವರಿಸುವ ಸೇನಾಪತಿ ಇಲ್ಲ, ಸರಿ ತಪ್ಪು ಹೇಳುವ ಪಂಡಿತನಿಲ್ಲ. ಹುಡುಗರು ಅಗೆಯುತ್ತಾರೆ, ಗಿಟಾರ್ ಬಾರಿಸುತ್ತಾರೆ, ಒಬ್ಬರನ್ನೊಬ್ಬರು ಕೆಡವಿ ಕುಸ್ತಿ ಆಡುತ್ತಾರೆ, ಬೇಸರ ಬಂದು ಸುಮ್ಮನೆ ಕೂರುತ್ತಾರೆ. ನಡುನಡುವೆ ಗುಂಡು. ಕಣಿವೆ ಬಿಟ್ಟ ಮೇಲೆ ಇಟಲಿಯ ನೆಲೆಯಲ್ಲಿ ಕ್ಯಾಮೆರಾ ಮುಂದೆ ಕೂತು ಮಾತಾಡುವಾಗ ಅವರ ಮುಖ ನೋಡಬೇಕು. ನಗುತ್ತ ಹೇಳಲು ಹೊರಟ ಮಾತು ಅರ್ಧಕ್ಕೆ ನಿಂತುಬಿಡುತ್ತದೆ.

ನಮ್ಮಂಥ ಒಕ್ಕಲು ಮಕ್ಕಳು ಮರೆಯಲಾರದ ಒಂದು ಪ್ರಸಂಗ ಅದರಲ್ಲಿದೆ. ಕಣಿವೆಯ ಹಳ್ಳಿಯವರ ದನವೊಂದು ಠಾಣೆಯ ಮುಳ್ಳುತಂತಿಗೆ ಸಿಕ್ಕಿಬೀಳುತ್ತದೆ. ಸಿಪಾಯಿಗಳು ಅದನ್ನು ಕೊಂದು ತಿನ್ನುತ್ತಾರೆ. ಊರ ಹಿರಿಯರು ಗುಡ್ಡ ಹತ್ತಿ ಬಂದು ಪರಿಹಾರ ಕೇಳುತ್ತಾರೆ. ರೊಕ್ಕ ಕೊಡಲು ಮೇಲಿನ ಅಪ್ಪಣೆ ಇಲ್ಲ. ದನದ ತೂಕದಷ್ಟು ಅಕ್ಕಿ, ಕಾಳು, ಸಕ್ಕರೆ ಕೊಡುತ್ತೇವೆ ಎಂಬ ಉತ್ತರ ಬರುತ್ತದೆ. ಹಿರಿಯರ ಮುಖದಲ್ಲಿ ಆಗ ಮೂಡುವ ಭಾವವನ್ನು ಉದಗೀರದ ದನದ ಸಂತೆಗೆ ಹೋಗಿ ಬಂದವರು ಯಾರಾದರೂ ಓದಬಲ್ಲರು. ದನ ಎಂದರೆ ಮನೆಯ ಹೈನು, ಹೊಲದ ಗೊಬ್ಬರ, ಮಗಳ ಮದುವೆಗೆ ಒದಗುವ ಆಸ್ತಿ. ಅದು ತೂಕಕ್ಕೆ ಸಿಗುವ ಸರಕಲ್ಲ. ಆ ಯುದ್ಧ ಯಾಕೆ ಕೈಗೂಡಲಿಲ್ಲ ಎನ್ನುವುದಕ್ಕೆ ಬರೆದ ಗ್ರಂಥಗಳು ಬೇಕಷ್ಟಿವೆ. ಕೆಲವೇ ನಿಮಿಷಗಳ ಈ ದೃಶ್ಯ ಅದನ್ನು ಹಳ್ಳಿಯವನ ಕಣ್ಣಿಗೆ ಕಾಣುವಂತೆ ಹೇಳುತ್ತದೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಆ ಕಣಿವೆಯನ್ನು ಬಿಟ್ಟು ಹೋಯಿತು. ಮರುವರ್ಷ ಏಪ್ರಿಲ್ 20ರಂದು ಹೆದರಿಂಗ್ಟನ್ ಲಿಬಿಯಾದ ಮಿಸ್ರಾತಾದಲ್ಲಿ ಇನ್ನೊಂದು ಯುದ್ಧವನ್ನು ಚಿತ್ರಿಸುತ್ತ ಸತ್ತರು.

ಯುದ್ಧವನ್ನು ಚಿತ್ರಿಸುವ ಕೆಲಸ ಹಳೆಯದು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟಿಷರು ‘ಬ್ಯಾಟಲ್ ಆಫ್ ದಿ ಸೋಮ್’ ಎಂಬ ಚಿತ್ರ ಮಾಡಿದರು. ಮೊದಲ ಆರು ವಾರಗಳಲ್ಲಿಯೇ ಸುಮಾರು 2 ಕೋಟಿ ಟಿಕೆಟ್ ಮಾರಾಟವಾದವು. ಸಿಪಾಯಿಗಳು ಕಂದಕದಿಂದ ಮೇಲೆದ್ದು ನುಗ್ಗುವ ಅದರ ಹೆಸರಾದ ದೃಶ್ಯ ರಣರಂಗದಲ್ಲಿ ತೆಗೆದದ್ದಲ್ಲ, ತಾಲೀಮಿನಲ್ಲಿ ಆಡಿಸಿ ತೆಗೆದದ್ದು. ಅದೇ ಯುದ್ಧದ ಹಳೆಯ ರೀಲುಗಳನ್ನು ನೂರು ವರ್ಷದ ನಂತರ ನಿರ್ದೇಶಕ ಪೀಟರ್ ಜಾಕ್ಸನ್ ಕೈಗೆತ್ತಿಕೊಂಡರು. 2018ರ ಅವರ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಚಿತ್ರಕ್ಕೆ ನಿರೂಪಕನೇ ಇಲ್ಲ. ಮುದುಕರಾದ ಮೇಲೆ ಸೈನಿಕರು ಧ್ವನಿಮುದ್ರಿಕೆಗಳಲ್ಲಿ ಹೇಳಿದ ಮಾತುಗಳೇ ಉದ್ದಕ್ಕೂ ಕೇಳುತ್ತವೆ. ತುಟಿ ನೋಡಿ ಮಾತು ಓದಬಲ್ಲವರನ್ನು ಕೂರಿಸಿ, ಮೂಕಚಿತ್ರದಲ್ಲಿ ಆ ಹುಡುಗರು ಅಂದು ಆಡಿದ್ದ ಮಾತನ್ನೂ ಹೊರತೆಗೆದರು. ಹೇನಿನ ಕಾಟ, ಕೊಳೆತ ಕಾಲು, ಸಾಲಾಗಿ ಮರದ ಕಂಬದ ಮೇಲೆ ಕೂತು ಬಯಲಿಗೆ ಹೋಗುವುದು, ಮೆಷಿನ್‌ಗನ್ನಿನ ಕಾದ ನೀರಿನಲ್ಲಿ ಚಹಾ ಮಾಡಿಕೊಳ್ಳುವುದು, ಇವೆಲ್ಲ ಅದರಲ್ಲಿವೆ. ಕೊನೆಯಲ್ಲಿ ಊರಿಗೆ ಮರಳಿದವರು ಹೇಳುತ್ತಾರೆ: ನಮ್ಮ ಮಾತು ಕೇಳಲು ಯಾರಿಗೂ ಮನಸ್ಸಿರಲಿಲ್ಲ.

ಆದರೆ ಆ ಚಿತ್ರದಲ್ಲಿ ನಮ್ಮವರ ದನಿ ಇಲ್ಲ. ಅದು ಪಶ್ಚಿಮ ರಂಗದ ಬ್ರಿಟಿಷ್ ಕಾಲಾಳುಗಳಿಗೆ ಮೀಸಲಾದ ಚಿತ್ರ. ಆ ಯುದ್ಧಕ್ಕೆ ಹಿಂದುಸ್ತಾನದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು, 70 ಸಾವಿರಕ್ಕೂ ಹೆಚ್ಚು ಜನ ಮರಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಮೈಸೂರು, ಜೋಧಪುರದ ಸವಾರರು ಗೆದ್ದರು; ಅವರಿದ್ದ ಕುದುರೆ ದಳಕ್ಕೆ ನಮ್ಮ ಹೈದರಾಬಾದ್ ಸಂಸ್ಥಾನದ ಸವಾರರೂ ಸೇರಿದ್ದರು. ಅವರು ಬೆಳಗ್ಗೆ ಏನು ಉಂಡರು, ಕುದುರೆಗೆ ನೀರು ಎಲ್ಲಿಂದ ತಂದರು, ರಾತ್ರಿ ಯಾವ ಹಾಡು ಹೇಳಿಕೊಂಡರು ಎಂದು ಕೇಳಿ ಬರೆದಿಟ್ಟವರ ಹೆಸರು ನಮ್ಮ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಅಂಥ ಒಂದು ದನಿ ವೈರಿಯ ಕೈಯಲ್ಲಿ ಉಳಿಯಿತು. ಜರ್ಮನಿಯ ವುನ್ಸ್‌ಡಾರ್ಫ್‌ನಲ್ಲಿ ‘ಅರ್ಧಚಂದ್ರ ಶಿಬಿರ’ ಎಂಬ ಸೆರೆ ಇತ್ತು. ಅಲ್ಲಿನ ಭಾಷಾ ಪಂಡಿತರು ಸೆರೆಸಿಕ್ಕ ಹಿಂದುಸ್ತಾನಿ ಸಿಪಾಯಿಗಳ ದನಿಯನ್ನು ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಅವರಿಗೆ ಬೇಕಾದದ್ದು ಉಚ್ಚಾರ. 1916ರ ಡಿಸೆಂಬರ್‌ನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಆ ಯಂತ್ರದ ಮುಂದೆ ನಿಂತು, ಯಾರದೋ ಕಥೆ ಹೇಳುವವನಂತೆ ತನ್ನ ಕಥೆಯನ್ನೇ ಹೇಳಿದ. ಊರಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ, ಯುದ್ಧಕ್ಕೆ ಬಂದು ಸೆರೆಯಾದ. ಈಗ ಅವನಿಗೆ ಊರು ಬೇಕಾಗಿದೆ. ಒಂದೂವರೆ ನಿಮಿಷವೂ ಇಲ್ಲದ ದನಿ. ನಿರ್ದೇಶಕ ಫಿಲಿಪ್ ಶೆಫ್ನರ್ 2007ರಲ್ಲಿ ಅದನ್ನು ಹಿಡಿದುಕೊಂಡೇ ‘ದಿ ಹಾಫ್‌ಮೂನ್ ಫೈಲ್ಸ್’ ಎಂಬ ಇಡೀ ಚಿತ್ರ ಕಟ್ಟಿದರು. ಯುದ್ಧದ ನಡುವೆ ನಿಂತವನಿಗೆ ನೆನಪಾದದ್ದು ಬೆಣ್ಣೆ. ನಮ್ಮ ಕಡೆಯ ಹುಡುಗನೊಬ್ಬ ಆ ಯಂತ್ರದ ಮುಂದೆ ನಿಂತಿದ್ದರೆ ಜೋಳದ ರೊಟ್ಟಿ, ಹಿಂಡಿಪಲ್ಲೆ ನೆನೆಯುತ್ತಿದ್ದ.

ಜೋಳ ಅಂದೆ. ಅದು ನಮ್ಮ ಭಾಷೆಯಲ್ಲಿ ಸಿಪಾಯಿಯ ಮಾತೇ. ಹಳಗನ್ನಡದ ಕಾವ್ಯಗಳಲ್ಲಿ, ಶಾಸನಗಳಲ್ಲಿ ‘ಜೋಳವಾಳಿ’ ಎಂಬ ಪದವಿದೆ. ಒಡೆಯನ ಜೋಳ ಉಂಡವನು ಆ ಋಣಕ್ಕೆ ಕಾದಿ ಸಾಯಬೇಕೆಂಬ ಕಟ್ಟಳೆ ಅದು. ಎಂ. ಚಿದಾನಂದಮೂರ್ತಿಯವರಂಥ ವಿದ್ವಾಂಸರು ಇದನ್ನು ಬಿಡಿಸಿ ತೋರಿಸಿದ್ದಾರೆ. ಹಾಗೆ ಸತ್ತವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಮರಾಠಿಯ ‘ವೀರಗಳ’ ಎಂಬ ಮಾತು ಕನ್ನಡದ ಈ ವೀರಗಲ್ಲೇ. ಗಡಿಯ ಎರಡೂ ಕಡೆ ಒಂದೇ ಕಲ್ಲು, ಒಂದೇ ಹೆಸರು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಎಷ್ಟು ಚೆಲುವಾದ ಶಿಲ್ಪ! ಆದರೆ ಕಾದಾಟದ ಹಿಂದಿನ ದಿನಕ್ಕೆ ಆ ಕಲ್ಲಿನಲ್ಲಿ ಪಟ್ಟಿ ಇಲ್ಲ. ಅವನು ಉಂಡ ಜೋಳವನ್ನು ಬಿತ್ತಿದವರು, ಬೀಸಿದವರು, ರೊಟ್ಟಿ ಬಡಿದವರು ಅದರಲ್ಲಿ ಇಲ್ಲ. ಆ ಬಿಟ್ಟುಹೋದ ಪಟ್ಟಿಯನ್ನು ಕೆತ್ತುವ ಉಳಿ ಇಂದಿನ ಸಾಕ್ಷ್ಯಚಿತ್ರ.

ಉದಗೀರದವರು ಇಲ್ಲಿದ್ದೀರಿ. ನಿಮ್ಮ ಕೋಟೆಯ ಸುತ್ತಲಿನ ಬಯಲಿನಲ್ಲಿ 1760ರ ಫೆಬ್ರವರಿ 3ರಂದು ಮರಾಠಾ ಸೇನಾಪತಿ ಸದಾಶಿವರಾವ್ ಭಾವು ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೋಲಿಸಿದ. ವರ್ಷಕ್ಕೆ ಸುಮಾರು 60 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ ಪೇಶ್ವೆಗೆ ಸೇರಿತು. ಭಾವುವಿನ ಕಡೆಯ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಹೆಸರಾದವು. ಈ ಗೆಲುವಿನ ಬಲದ ಮೇಲೆಯೇ ಭಾವುವನ್ನು ಉತ್ತರಕ್ಕೆ ಕಳಿಸಿದರು. ಒಂದು ವರ್ಷ ತುಂಬುವ ಮೊದಲೇ, 1761ರ ಜನವರಿ 14ರಂದು, ಪಾಣಿಪತ್ ಯುದ್ಧ ಆಯಿತು. ಅಲ್ಲಿ ಏನಾಯಿತು? ಬರುವ ಧಾನ್ಯದ ದಾರಿಯನ್ನು ಅಫ್ಘನ್ ದೊರೆ ಅಬ್ದಾಲಿ ಕಡಿದ. ಮರಾಠಾ ಛಾವಣಿಯಲ್ಲಿ ಮನುಷ್ಯರೂ ದನಗಳೂ ಹಸಿದವು. ಹಸಿದು ಸಾಯುವುದಕ್ಕಿಂತ ಕಾದಿ ಸಾಯೋಣ ಎಂದು ಹೊರಬಿದ್ದ ಸೈನ್ಯ ಅದು. ಶಾಲೆಯ ಪುಸ್ತಕದಲ್ಲಿ ವ್ಯೂಹ ಬಂತು, ತೋಪು ಬಂತು, ಸರದಾರರ ಜಗಳ ಬಂತು. ಸಿಪಾಯಿಯ ಖಾಲಿ ಪರಾತ ಬರಲಿಲ್ಲ. ಆ ಕಾಲದ ದಂಡುಗಳಿಗೆ ಎತ್ತಿನ ಮೇಲೆ ಧಾನ್ಯ ಹೇರಿ ತಂದವರು ಬಂಜಾರರು. ಇಂದು ಇದೇ ಸೀಮೆಯ ತಾಂಡಾಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ದಂಡಿನ ಚರಿತ್ರೆಯಲ್ಲಿ ಅವರಿಗೂ ಒಂದು ಅಧ್ಯಾಯ ಸಲ್ಲಬೇಕು.

ಇನ್ನು ನಾವು ಕೂತಿರುವ ಈ ಊರು. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾವನ್ನು ಹಾಯ್ದು ಹೋಗುತ್ತದೆ. 1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ದಂಡು ಇದೇ ದಾರಿ ಹಿಡಿದು ಬಂತು. ಸೈನ್ಯ ಇಟ್ಟ ಹೆಸರು ಆಪರೇಷನ್ ಪೋಲೊ, ಸರಕಾರ ಹೇಳಿದ್ದು, ಜನರ ಬಾಯಲ್ಲಿ ಉಳಿದದ್ದು ಪೊಲೀಸ್ ಆ್ಯಕ್ಷನ್. ನಳದುರ್ಗದ ಬೋರಿ ನದಿಯ ಸೇತುವೆ ಒಡೆಯದಂತೆ ಕೈಗೆ ಬಂತು. ಉಮರ್ಗಾದಲ್ಲಿ ದಂಡು ಬಿಡಾರ ಹೂಡಿತು. ಮುಂದೆ 48 ಕಿಲೊಮೀಟರ್ ದೂರದ ರಾಜೇಶ್ವರದ ದಾರಿಯಲ್ಲಿ ಹೊಂಚು ಕೂತವರ ಮೇಲೆ ಟೆಂಪೆಸ್ಟ್ ವಿಮಾನಗಳು ಎರಗಿದವು. 18ನೆಯ ತಾರೀಖು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. ಅವರಿಬ್ಬರು ಎದುರುಬದುರು ನಿಂತ ಫೋಟೊ ಎಲ್ಲರೂ ನೋಡಿದ್ದೇ. ಎಲ್ ಎದ್ರೂಸ್ ಅವರ ನೆನಪಿನ ಪುಸ್ತಕದ ಹೆಸರಿನಲ್ಲಿ ‘ಏಳು ರೊಟ್ಟಿ’ ಇದೆ. ಮೊದಲ ನಿಜಾಮನಿಗೆ ಸೂಫಿ ಸಂತರೊಬ್ಬರು ಏಳು ಕುಲ್ಚಾ ಕೊಟ್ಟು ಏಳು ತಲೆಮಾರು ಆಳುವೆ ಎಂದು ಹರಸಿದರಂತೆ. ಆ ಕುಲ್ಚಾ ಆಸಫ್‌ಜಾಹಿ ಬಾವುಟದ ಮೇಲೂ ಇತ್ತು. ರೊಟ್ಟಿಯಿಂದ ಶುರುವಾದ ರಾಜ್ಯ ಈ ದಾರಿಯ ಮೇಲೆ ಮುಗಿಯಿತು.

ಆದರೆ ಉಮರ್ಗಾದಲ್ಲಿ ತಂಗಿದ ಆ ರಾತ್ರಿ ಆ ಸಿಪಾಯಿಗಳು ಹೇಗಿದ್ದರು? ಸೆಪ್ಟೆಂಬರ್ ಎಂದರೆ ನಮ್ಮ ಎರೆಹೊಲ ಹಸಿ ಇರುವ ಕಾಲ, ಹೆಸರು ಉದ್ದಿನ ರಾಶಿಯ ಕಾಲ. ಯಾರ ಬಾವಿಯ ನೀರು ಕುಡಿದರು? ಊರ ಹೆಂಗಸರು ಬಾಗಿಲು ತೆರೆದರೋ ಮುಚ್ಚಿದರೋ? ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಈ ಊರಿನಲ್ಲಿ ಆ ಜವಾನರು ಯಾವ ಭಾಷೆಯಲ್ಲಿ ಉಪ್ಪು ಕೇಳಿದರು? ಅಂದು ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯಗಳ ಗೆರೆ ಬದಲಾಯಿತು, 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. ಗೆರೆ ಬದಲಾದಾಗಲೆಲ್ಲ ನಮ್ಮ ನೆನಪು ಎರಡು ರಾಜ್ಯಗಳ ನಡುವಿನ ಬದುವಿನಲ್ಲಿ ಉಳಿದುಹೋಯಿತು.

ಇಲ್ಲಿ ಒಂದು ಕಠಿಣ ಮಾತು ಹೇಳಲೇಬೇಕು. ಸೈನಿಕನ ದಿನವನ್ನು ಮಾತ್ರ ತೋರಿಸಿದರೆ ಯುದ್ಧದ ತಪ್ಪನ್ನು ಮುಚ್ಚಿದಂತಲ್ಲವೇ ಎಂದು ‘ರೆಸ್ಟ್ರೆಪೊ’ ನೋಡಿದ ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಅವನ ಊಟ, ಅವನ ಅಳು ನೋಡಿ ನಮಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಅವನ ಬಂದೂಕಿನ ತುದಿಯಲ್ಲಿ ಇರುವವನು ಮರೆತುಹೋಗುತ್ತಾನೆ. ನನ್ನ ಉತ್ತರ ಇಷ್ಟು: ದಿನವನ್ನು ಪೂರ್ತಿ ತೋರಿಸಿ, ದನ ಕಳಕೊಂಡವನ ದಿನವನ್ನೂ ತೋರಿಸಿ. ನಮ್ಮಲ್ಲಿ 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ಪಡೆ ಮಾಡಿದ ಹತ್ಯಾಕಾಂಡ ಇದೆ. ಸೆಪ್ಟೆಂಬರ್ ನಂತರ ಮುಸ್ಲಿಂ ಮನೆಗಳ ಮೇಲೆ ನಡೆದ ಹಿಂಸೆಯೂ ಇದೆ. ಅದನ್ನು ವಿಚಾರಿಸಲು ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡವನ್ನು ಹೆಸರಿಸಿತು. ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ನಮ್ಮ ಮುದುಕರು ಇದನ್ನೆಲ್ಲ ಸೇರಿಸಿ ‘ಗದ್ದಲ’ ಎನ್ನುತ್ತಾರೆ. ಆ ಒಂದು ಪದದಡಿ ಎರಡೂ ಕಡೆಯ ಅಳು ಮುಚ್ಚಿಹೋಗಿದೆ. ಎರಡೂ ಕಡೆಯ ಮೊಮ್ಮಕ್ಕಳು ಇಂದು ಒಂದೇ ಬಸ್ಸಿನಲ್ಲಿ ಸಂತೆಗೆ ಹೋಗುತ್ತಾರೆ. ಇಬ್ಬರ ಅಜ್ಜಿಯರ ಮಾತನ್ನೂ ಕೇಳಿಸಿಕೊಳ್ಳದ ಚಿತ್ರ ಪ್ರಾಮಾಣಿಕ ಆಗಲಾರದು.

ದಂಡು ಇನ್ನೊಂದು ಸಲವೂ ಈ ಸೀಮೆಗೆ ಬಂತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಿಲ್ಲಾರಿಯ ಸುತ್ತ ಕಲ್ಲು ಮಣ್ಣಿನ ಮನೆಗಳು ಕುಸಿದವು. ಸತ್ತವರು ಸುಮಾರು 8 ಸಾವಿರ. ಸಲಿಕೆ ಹಿಡಿದು ಬಂದ ಜವಾನರು ಮಣ್ಣು ಸರಿಸಿ ಹೆಣ ಎತ್ತಿದರು. ಯುದ್ಧವಿಲ್ಲದ ಕಾಲದಲ್ಲೂ ಸಿಪಾಯಿಯ ಕೈಯಲ್ಲಿ ಹೆಚ್ಚಾಗಿ ಇರುವುದು ಸಲಿಕೆ ಎಂದು ಉಮರ್ಗಾ, ನಿಲಂಗಾದವರು ಆಗ ಕಣ್ಣಾರೆ ಕಂಡರು.

ಮತ್ತೆ ನಮ್ಮ ಮುದುಕರ ಮನೆಗೆ ಬರೋಣ. ಚಿತ್ರ ಮುಗಿದ ಮೇಲೆ ಅವರು ಕಬ್ಬಿಣದ ಟ್ರಂಕು ತೆರೆದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ತಳ ಸವೆದ ಒಂದು ಮಗ್ಗು, ಉಣ್ಣೆಯ ಕೈಗವಸು, ನೀಲಿ ಕಾಗದಗಳ ಕಟ್ಟು. ಪ್ರತಿ ಕಾಗದದಲ್ಲೂ ಕಳಿಸಿದವನ ವಿಳಾಸ ಒಂದೇ: 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಊರಿಲ್ಲ, ಗುಡ್ಡವಿಲ್ಲ, ರಾಜ್ಯವಿಲ್ಲ. ಮಗ ಎಲ್ಲಿದ್ದಾನೆಂದು ತಾಯಿಗೆ ಗೊತ್ತಿಲ್ಲ. ಐವತ್ತಾರು ಎಂಬ ನಂಬರೇ ಅವಳಿಗೆ ಊರು. ಇನ್ನೊಂದು ಸಂಗತಿ ನೋಡಿ. ಮನೆಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿ. ಮಗ ಬರೆದದ್ದು ಮರಾಠಿಯಲ್ಲಿ. ಓದು ಬರುವ ನೆರೆಮನೆಯವರು ಅದನ್ನು ತಾಯಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಚಳಿ, ಹಸಿವೆ, ಹೆದರಿಕೆ ಕಾಗದದಲ್ಲಿ ಬರೆಯುವ ಹಾಗಿಲ್ಲ. ಬರೆದರೂ ಓದುವವರು ಅದನ್ನು ನುಂಗಿ, “ಆರಾಮ ಅದಾನಂತ” ಎಂದಷ್ಟೇ ಹೇಳುತ್ತಿದ್ದರು. ಎಷ್ಟು ಸೋಸುವಿಕೆ ದಾಟಿ ಒಬ್ಬ ಮಗನ ದಿನ ತಾಯಿಯ ಕಿವಿಗೆ ಮುಟ್ಟಬೇಕಿತ್ತು!

ಈಗ ಮೊಬೈಲ್ ಇದೆ, ಎಲ್ಲ ಗೊತ್ತಾಗುತ್ತದೆ ಎನ್ನುತ್ತೇವೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು 10 ಸೈನಿಕರು ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಒಂದು ವಾರ ನಾಡಿಗೆ ನಾಡೇ ಅವರಿಗಾಗಿ ಹರಕೆ ಹೊತ್ತಿತು. ಅದಕ್ಕೆ ಮೊದಲು, 19 ಸಾವಿರ ಅಡಿಗೂ ಮೇಲಿನ ಆ ಠಾಣೆಯಲ್ಲಿ ನಮ್ಮ ಹುಡುಗರು ಸೀಮೆಎಣ್ಣೆಯ ಒಲೆಯ ಮಸಿಯಲ್ಲಿ ಹೇಗೆ ಉಸಿರಾಡುತ್ತಾರೆ, ಹಿಮ ಕರಗಿಸಿ ಹೇಗೆ ನೀರು ಮಾಡಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು? ಸಾವು ಬಂದ ಮೇಲೆ ನಾವು ವೀರಗಲ್ಲು ನಿಲ್ಲಿಸುವವರು. ಬದುಕಿರುವ ದಿನಗಳ ಕಡೆಗೂ ಮುಖ ತಿರುಗಿಸಬೇಕು.

ಆದ್ದರಿಂದ ಈ ದತ್ತಿಯ ಹೆಸರಿನಲ್ಲಿ ನನ್ನ ಬೇಡಿಕೆ ಒಂದೇ. ಉಮರ್ಗಾ, ನಿಲಂಗಾ, ಉದಗೀರದ ಕಾಲೇಜು ಹುಡುಗ ಹುಡುಗಿಯರು ಈ ಸೀಮೆಯ ಮಾಜಿ ಸೈನಿಕರ, ಅವರ ಹೆಂಡತಿಯರ, 1948 ಕಂಡ ಮುದುಕರ ಮಾತುಗಳನ್ನು ಮುದ್ರಿಸಿಕೊಳ್ಳಲಿ. ಅದಕ್ಕೆ ಪೀಟರ್ ಜಾಕ್ಸನ್ ಬೇಕಾಗಿಲ್ಲ. ಕೈಯಲ್ಲಿರುವ ಫೋನು ಸಾಕು. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಹೇಳಲಿ. ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೊರಳಿ ಹಿಂದಿಯ ಹುಕುಮಿನಲ್ಲಿ ಮುಗಿದರೆ ಅದೇ ಗಡಿಯ ನಿಜವಾದ ದನಿ, ತಿದ್ದಬೇಡಿ. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬೇಡಿ. ಅವರು ಬೇಡವೆಂದಾಗ ಯಂತ್ರ ನಿಲ್ಲಿಸಿ. ಅಂದು ಬೆಳಗ್ಗೆ ಏನು ಉಂಡಿರಿ, ಪಕ್ಕದಲ್ಲಿ ಯಾರು ಮಲಗುತ್ತಿದ್ದರು, ಮೊದಲ ರಜೆಗೆ ಬಂದಾಗ ಮನೆಯಲ್ಲಿ ಯಾರು ಮಾತಾಡಿಸಿದರು ಎಂದು ಕೇಳಿ. ಮನೆಯ ತಾಯಂದಿರನ್ನು ಬೇರೆಯಾಗಿ ಕೂರಿಸಿ ಕೇಳಿ. ಮನಿಯಾರ್ಡರ್ ಬಾರದ ತಿಂಗಳು ಹೊಲ ಹೇಗೆ ಬಿತ್ತಿದಿರಿ ಎಂಬ ಪ್ರಶ್ನೆಗೆ ಉತ್ತರ ಅವರಲ್ಲಿದೆ.

ನಾನು ಆ ಮುದುಕರನ್ನು ಕೇಳಿದೆ: ಯುದ್ಧ ನಿಂತಿತು ಅಂತ ಗೊತ್ತಾದ ದಿನ ಏನು ಮಾಡಿದಿರಿ? ಅವರು ಬಹಳ ಹೊತ್ತು ಮಗ್ಗನ್ನು ತಿರುಗಿಸುತ್ತ ಕೂತಿದ್ದರು. ಆಮೇಲೆ, “ಬೂಟು ಬಿಚ್ಚಿದ್ನಿ” ಅಂದರು. “ಎಷ್ಟೋ ದಿನದ ಮ್ಯಾಲೆ.”

1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಎಂಬತ್ತೈದು ದಾಟಿದ್ದಾರೆ. ಮುಂದಿನ ವರ್ಷದ ದತ್ತಿ ಉಪನ್ಯಾಸದ ಹೊತ್ತಿಗೆ ಅವರಲ್ಲಿ ಎಲ್ಲರೂ ಇರುವುದಿಲ್ಲ. ಇಂದು ಮನೆಗೆ ಹೋದ ಕೂಡಲೇ ನಿಮ್ಮ ಓಣಿಯ ಆ ಹಿರಿಯರ ಹತ್ತಿರ ಕೂತು ಕೇಳಿರಿ.